ಹೊಸ ಪೇಟೆಯ ಬಾಗಿಲ ಚೌಕಟ್ಟು

ಆಳಂದದ ಅಂಚಿನಲ್ಲಿ ಹೊಲ ಕೊಂಡು, ‘ಹೊಸ ಪೇಟೆ’ ಎಂದು ಸಾಲುಮನೆ ಕಟ್ಟಿಸಿ ಮಾರುತ್ತೇನೆಂದು ಹೊರಟಿದ್ದ ಸಾವಕಾರನಿಗೆ ನಾವು ಮುಂಗಡ ಕೊಟ್ಟಾಗ ನನ್ನ ಮದುವೆಯಾಗಿ ಬಹಳ ದಿನವಾಗಿರಲಿಲ್ಲ. ನಿಜಾಮರ ಕಾಲ. ನಮ್ಮ ಮನೆಯವರು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮರು. ಇದ್ದದ್ದು ಬಾಡಿಗೆ ಮನೆ. ನೀರಿಗೆ ಹೋಗಬೇಕೆಂದರೂ ಮಾಲಕರ ಪಡಸಾಲೆ ದಾಟಬೇಕು. ಸ್ವಂತ ಮನೆಯೆಂದರೆ ನನಗೆ ಕಾಶಿಯಷ್ಟು ದೂರ, ಕಾಶಿಯಷ್ಟೇ ಆಸೆ.

ಗೋಡೆ ಏಳುವ ಮೊದಲು ಬಾಗಿಲ ಚೌಕಟ್ಟು ನಿಲ್ಲಿಸಿ ಹೊಸ್ತಿಲ ಪೂಜೆ ಮಾಡುವುದು ನಮ್ಮ ಪದ್ಧತಿ. ಚೌಕಟ್ಟು ಸೊಸೆಯ ತವರಿನಿಂದ ಬಂದರೆ ಮನೆ ತುಂಬುತ್ತದೆಂದು ಅತ್ತೆಯ ನಂಬಿಕೆ. ಜೇವರ್ಗಿ ಕಡೆಯ ಕೊಳಕೂರಿನಲ್ಲಿದ್ದ ನನ್ನ ಅಪ್ಪ ತನ್ನ ತಾಯಿ ನೆಟ್ಟಿದ್ದ ಬೇವಿನ ಮರ ಕಡಿಸಿ, ಚೌಕಟ್ಟು ಮಾಡಿಸಿ, ಭೀಮಾ ನದಿ ದಾಟಿಸಿ ಬಂಡಿಯಲ್ಲಿ ತಂದ. ಪೂಜೆಗೆ ಬಂದ ಸಾವಕಾರ ಪ್ರಸಾದದ ಕೊಬ್ಬರಿ ಕಡಿಯುತ್ತ ಹೇಳಿದ: “ಹೊಸ್ತಲ ಪೂಜಿ ಆತಂದ್ರ ಮನಿ ನಿಮ್ಮದೇ ಆತ್ರಿ. ರಿಜಿಸ್ಟ್ರಿ ಎಲ್ಲಿ ಓಡಿ ಹೋಗ್ತದ?”

ನಾವೂ ಹಾಗೆಯೇ ತಿಳಿದೆವು. ಉಳಿದ ಹಣವನ್ನು ಅಂದೇ ಕೊಟ್ಟೆವು. ದೇವರ ಮುಂದೆ ಆದದ್ದಕ್ಕೆ ಕಾಗದ ಕೇಳುವುದು ಅಪಚಾರ ಎನ್ನಿಸಿತ್ತು.

ಯುದ್ಧ ಬಂದು ಕಬ್ಬಿಣ, ಸಾಗವಾನಿ ಎಲ್ಲ ಕೈಗೆ ಸಿಗದಂತಾಯಿತು. ಗೋಡೆ ಎದೆಮಟ್ಟಕ್ಕೆ ನಿಂತಿತು. ಸಾವಕಾರ ಅದಾಲತ್ತಿನಲ್ಲಿ ದಿವಾಳಿ ಹೇಳಿದ. ಸುಣ್ಣದ ಭಟ್ಟಿಯವರು, ಕಟ್ಟಿಗೆ ಅಡ್ಡೆಯವರು, ಜಾಗ ಅಡವಿಟ್ಟುಕೊಂಡು ಸಾಲ ಕೊಟ್ಟಿದ್ದ ಸೊಲ್ಲಾಪುರದ ಶೇಠ, ಎಲ್ಲರೂ ಮುಗಿಬಿದ್ದರು. ವಕೀಲರು ನಮಗೆ ಹೇಳಿದ್ದು ಇಷ್ಟೇ: “ಪೂಜಿ ಮಾಡೀರಿ, ರಿಜಿಸ್ಟ್ರಿ ಮಾಡಿಸಿಲ್ಲ. ಮೊದಲು ಶೇಠಂದು, ಉಳಿದ್ರ ನಿಮ್ಮದು.” ಆದರೂ ಪುಣ್ಯಾತ್ಮರು, ಚೌಕಟ್ಟು ನಮ್ಮ ಸ್ವಂತದ್ದೆಂದು ವಾದಿಸಿ, ಜಾಗದ ಲಿಲಾವು, ಅಂದರೆ ಹರಾಜು, ಆಗುವ ಮೊದಲು ಕಿತ್ತುಕೊಂಡು ಹೋಗಲು ಅಪ್ಪಣೆ ಪಡೆದರು.

ಅಪ್ಪ ಖಾಲಿ ಬಂಡಿ ಹೊಡೆದುಕೊಂಡು ಬಂದ. ಕಿತ್ತದ್ದನ್ನು ಬರೆದುಕೊಳ್ಳಲು ಅದಾಲತ್ತಿನ ಅಮೀನರೂ ಬಂದು ನಿಂತರು. ಅತ್ತೆ ಹೊಸ್ತಿಲಿಗೆ ಅಡ್ಡ ಕುಳಿತುಬಿಟ್ಟರು.

“ಏಳಬೇ ಯವ್ವಾ, ಕೀಳೂಣು,” ಎಂದರು ನಮ್ಮ ಮನೆಯವರು.

“ಪೂಜಿ ಆದ ಹೊಸ್ತಲ ಕಿತ್ತರ ಮನಿ ನಿಲ್ಲಂಗಿಲ್ಲಲೇ.”

“ಯಾವ ಮನಿ?”

ಅಮೀನರಿಗೆ ನಗು ತಡೆಯಲಿಲ್ಲ. “ಮ್ಯಾಲ ಛತ್ತೇ ಇಲ್ಲ, ಮನಿ ಎಲ್ಲದರೀ ಅಮ್ಮಾ? ಜಲ್ದಿ ಮಾಡ್ರಿ, ಬಿಸಲ ಏರಾಕತ್ತದ.”

ಅಪ್ಪ ನನ್ನ ಕಡೆ ತಿರುಗಿದ. “ನಾ ಕೊಟ್ಟಿದ್ದು ನಿನಗ. ಕೀಳು ಅಂದ್ರ ಕೀಳ್ತೀನಿ, ಬ್ಯಾಡಂದ್ರ ಬಿಡ್ತೀನಿ. ಹೇಳವ್ವ.”

ನಾನು ಆಗ ಬಸುರಿ. ಹೊಸ್ತಿಲ ಮೇಲೆ ಅರಿಶಿನ ಇನ್ನೂ ಅಂಟಿಕೊಂಡಿತ್ತು. “ದೇವರಿಗಿ ಮುಟ್ಟಿದ್ದು ಎಪ್ಪಾ, ಇರಲಿ ಬಿಡು,” ಎಂದೆ.

ಅಪ್ಪ ಕಟ್ಟಿಗೆಯ ಮೇಲೆ ಒಮ್ಮೆ ಅಂಗೈ ಆಡಿಸಿ ಬಂಡಿ ತಿರುಗಿಸಿದ.

ಲಿಲಾವಿನಲ್ಲಿ ಇಡೀ ಸಾಲನ್ನು ಶೇಠನೇ ಹಿಡಿದ. ಹತ್ತಿ ಗೋದಾಮಿಗೆಂದು ಬಾಗಿಲು ಅಗಲ ಮಾಡಿಸುವಾಗ, ನಾವು ಕೀಳದೆ ಬಿಟ್ಟದ್ದನ್ನು ಅವನ ಆಳುಗಳು ಕಿತ್ತರು. ನೀರಿಗೆ ಹೋಗುವಾಗ ಕಂಡೆ: ಹೊಸ್ತಿಲನ್ನು ಎರಡು ತುಂಡು ಮಾಡಿ ಹತ್ತಿ ಅಂಡಿಗೆಗಳ ಕೆಳಗೆ ಹಾಸಿದ್ದರು. ಅಪ್ಪನ ಬಂಡಿಗೆ ಹೇರಿ ಕಳಿಸಿದ್ದರೆ ಕೊಳಕೂರಿನ ಕೊಟ್ಟಿಗೆಗಾದರೂ ಆಗುತ್ತಿತ್ತು.

ನಮ್ಮ ಪಾಲಿಗೆ ಬಂದ ಚೂರು ಹಣದಲ್ಲಿ ಒಂದು ಎಮ್ಮೆ ಬಂತು. ಒದೆಯದ ಎಮ್ಮೆ; ಮಕ್ಕಳು ಅದರ ಹಾಲು ಕುಡಿದೇ ಬೆಳೆದರು. ಅದನ್ನು ನಾನು ಮರೆಯುವುದಿಲ್ಲ. ಸ್ವಂತ ಮನೆ ಮಾತ್ರ ಆಗಲೇ ಇಲ್ಲ.

ಅಪ್ಪ ಊರಿಗೆ ಬಂದಾಗಲೆಲ್ಲ ಗೋದಾಮಿನ ದಾರಿ ತಪ್ಪಿಸಿ ಸುತ್ತು ಹಾಕಿ ಕರೆತರುತ್ತಿದ್ದೆ. ಒಮ್ಮೆ ಕೈಕಾಲು ತೊಳೆಯುತ್ತ ಕೇಳಿಯೇಬಿಟ್ಟ: “ಹೊಸ್ತಲ ಹ್ಯಾಂಗದವ್ವ?”

“ಚಂದ ಅದ ಎಪ್ಪಾ.”

“ಹಂಗಾದ್ರ ಬೇಸಾತು,” ಎಂದು ಊಟಕ್ಕೆ ಕುಳಿತ.