ಎರಡು ಸೆಕೆಂಡಿನ ಬಿಡುವು

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ‘ಗಾಡಿ ಡಾಕ್ಟ್ರು’ ಎಂದೇ. ಹೊಸ ಕಾರಾಗಲಿ ಹಳೆಯದಾಗಲಿ, ಅವನನ್ನು ಒಂದು ಮಾತು ಕೇಳದೆ ಅಲ್ಲಿ ಯಾರೂ ಮುಂಗಡ ಕೊಟ್ಟವರಲ್ಲ. ಇಪ್ಪತ್ತೆರಡು ವರ್ಷ ಸ್ಟೀರಿಂಗ್ ತಿರುಗಿಸಿ ಅವನು ಸಂಪಾದಿಸಿದ್ದ ಆಸ್ತಿ ಎಂದರೆ ಆ ಮಾತಿಗಿದ್ದ ಬೆಲೆ ಒಂದೇ. ಅದಕ್ಕೇ ಕನ್ನ ಹಾಕಿದವನು ಸ್ವಂತ ಹೆಂಡತಿಯ ತಮ್ಮ.

ಈ ಭಾಮೈದ ಕಾರುಗಳ ವಿಡಿಯೋ ಮಾಡುವವನು. ಅವನ ಹತ್ತಿರ ಕಾರಿಲ್ಲ. ಇದ್ದದ್ದು ಒಂದು ಕ್ಯಾಮೆರಾ ಮತ್ತು ಊರಗಲ ಬಾಯಿ. ನೋಡುವವರು ಹೆಚ್ಚಾದರೆ ಕಂಪನಿಯವರೇ ಟ್ಯಾಂಕು ತುಂಬಿಸಿ ವಾರದ ಮಟ್ಟಿಗೆ ಕಾರು ಕಳಿಸುತ್ತಾರೆ, ಹೊಗಳಿದರೆ ದುಡ್ಡನ್ನೂ ಕೊಡುತ್ತಾರೆ. ಅಲ್ಲಿಯವರೆಗೆ ಗತಿ? ನೆಂಟರ ಕಾರು.

“ಭಾವ, ನಿಮ್ಮ ಗಾಡಿ ಬಗ್ಗೆ ನೀವೇ ಹೇಳಿ. ಒಳ್ಳೇದು ಕೆಟ್ಟದ್ದು ಎರಡೂ ಹೇಳಿ. ಆದ್ರೆ ಒಂದೊಂದು ಮಾತಾದ್ಮೇಲೂ ಎರಡು ಸೆಕೆಂಡು ಸುಮ್ನಿರಿ. ಎಡಿಟಿಂಗಿಗೆ ಸುಲಭ.”

ಡಾಕ್ಟ್ರು ಪಾಪ, ಹೇಳಿದ ಹಾಗೆ ಕೇಳಿದ. ಸೀಟು ಆರಾಮ ಎಂದ, ಸುಮ್ಮನಾದ. ಮೈಲೇಜಿಗೆ ಮೋಸವಿಲ್ಲ ಎಂದ, ಸುಮ್ಮನಾದ. ನಾಲ್ಕು ಜನ ಕೂತು ಏರು ಹತ್ತಿಸಿದರೆ ಕ್ಲಚ್ ಸುಟ್ಟ ವಾಸನೆ ಬರುತ್ತದೆ, ಟ್ಯಾಕ್ಸಿಗೆ ಇದು ಬೇಡವೇ ಬೇಡ ಎಂದ. ಅಲ್ಲೂ ಸುಮ್ಮನಾದ.

ವಿಡಿಯೋದಲ್ಲಿ ಕ್ಲಚ್ಚಿನ ಸುದ್ದಿಯೇ ಇರಲಿಲ್ಲ. ಆ ಬಿಡುವುಗಳಲ್ಲೇ ಕತ್ತರಿ ಆಡಿತ್ತು. ಡಾಕ್ಟ್ರಿಗೆ ಅದು ಗೊತ್ತಾದದ್ದು, ಸ್ಟ್ಯಾಂಡಿನ ಗೆಳೆಯ ಲಂಬೂ ತನ್ನ ಹೊಸ ಕಾರನ್ನು ಸೇತುವೆಯ ಏರಿನಿಂದ ಹಗ್ಗ ಕಟ್ಟಿ ಎಳೆಸಿಕೊಂಡು ಬಂದ ದಿನ. ಅದೇ ಮಾದರಿ, ಅದೇ ಕ್ಲಚ್.

“ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?”

“ವಿಡಿಯೋದಲ್ಲಿ ನೀನೇ ಹೇಳಿದ್ಯಲ್ಲೋ. ಇನ್ನೇನು ಕೇಳೋದು ಅಂತ ಹಳೇದನ್ನ ಮಾರಿ ತಗೊಂಡೆ.”

ಬೈದಿದ್ದರೆ ಡಾಕ್ಟ್ರು ತಡೆದುಕೊಳ್ಳುತ್ತಿದ್ದ. ಲಂಬೂ ಬೈಯಲಿಲ್ಲ, ಮುಖ ತಿರುಗಿಸಿಕೊಂಡು ಹೋದ.

ಭಾಮೈದನನ್ನು ಹಿಡಿದು ಕೇಳಿದರೆ, “ಅಷ್ಟುದ್ದ ಯಾರು ನೋಡ್ತಾರೆ ಭಾವ?” ಎಂದು ಹಲ್ಲು ಕಿರಿದ. ಇನ್ನೊಬ್ಬರ ಅನ್ನದ ಗಾಡಿ ಮುರಿದು ಹಲ್ಲು ಕಿರಿಯುವುದೆಂದರೆ! ನಾಚಿಕೆ ಮಾನ ಮರ್ಯಾದೆ ಏನಾದರೂ ಬೇಡವೇ?

ಮುಂದಿನ ವಾರ ಅದೇ ಕಂಪನಿಯ ಹೊಸ ಕಾರು ಅವನ ಕೈಗೆ ಬಂತು. ಅದನ್ನು ಟ್ಯಾಕ್ಸಿ ಸ್ಟ್ಯಾಂಡಿಗೇ ತಂದು ನಿಲ್ಲಿಸಿ ಲೈವ್ ಶುರುಮಾಡಿದ. ಅಕ್ಕನ ಮುಖ ನೋಡಿ ಭಾವ ಬಾಯಿ ಮುಚ್ಚಿಕೊಂಡಿರುತ್ತಾನೆ ಎನ್ನುವ ಧೈರ್ಯ. “ಬನ್ನಿ ಭಾವ, ಎರಡು ಮಾತು ಹೇಳಿ,” ಎಂದು ಮೈಕು ಚಾಚಿದ.

ಡಾಕ್ಟ್ರು ಮೈಕನ್ನು ಗಟ್ಟಿಯಾಗಿ ಹಿಡಿದುಕೊಂಡ.

“ನನ್ನ ಗಾಡೀಲಿ ಸೀಟು ಆರಾಮಾಗಿದ್ರೂ ಏರಲ್ಲಿ ಕ್ಲಚ್ ಸುಡತ್ತೆ ಅಂತ ನಾನು ಆವತ್ತೇ ಹೇಳಿದ್ದನ್ನ ಕತ್ತರಿಸಿ ಹಾಕಿ ನನ್ನ ಭಾಮೈದ ಈ ಕಾರು ಗಿಟ್ಟಿಸ್ಕೊಂಡಿದ್ದಾನೆ ಅದನ್ನ ನಂಬಿ ನಮ್ಮ ಲಂಬೂ ಬೀದಿಗೆ ಬಿದ್ದಿದ್ದಾನೆ ನೀವ್ಯಾರೂ ಟ್ಯಾಕ್ಸಿಗೆ ಆ ಮಾಡೆಲ್ ತಗೋಬೇಡಿ!”

ಒಂದೇ ಉಸಿರಿಗೆ ಹೇಳಿ ಮುಗಿಸಿದ. ಎಲ್ಲೂ ಎರಡು ಸೆಕೆಂಡು ಬಿಡಲಿಲ್ಲ.