ಒಳಗಿನ ಚಿಲಕ

ಚಪ್ಪಲಿ ಕಾಲಿನಿಂದ ಕಳಚಿಹೋದದ್ದು ನನಗೆ ಗೊತ್ತಾಗಲೇ ಇಲ್ಲ. ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಹಿಂದಿನಿಂದ ಯಾರೋ ಕೂಗಿ ಹೇಳಿದರು. ತಿರುಗಿ ನೋಡಿದೆ. ಎಡಗಾಲಿನ ಚಪ್ಪಲಿ ಬಹಳ ಹಿಂದೆ ಬಿದ್ದಿತ್ತು. ಬರಿಗಾಲಿಗೆ ನೆಲದ ಬಿಸಿಯೂ ತಾಕಿರಲಿಲ್ಲ.

ಆ ವಾರವೇ ಕಾಲು ಸೋತವು, ಆಮೇಲೆ ಕೈ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನ್ಯೂರಾಲಜಿಸ್ಟ್ ಜಿಬಿಎಸ್ ಎಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ನರಗಳ ಮೇಲೆ ತಿರುಗಿಬೀಳುವ ರೋಗ. ಐಸಿಯುವಿನಿಂದ ಬದುಕಿ ಬಂದೆ.

ಆದರೆ ಮೈ ನನ್ನದಾಗಿ ಬರಲಿಲ್ಲ.

ಅವ್ವನೇ ಎತ್ತಬೇಕು, ಕೂರಿಸಬೇಕು, ತೊಳೆಯಬೇಕು. ಎಂ.ಎಸ್ಸಿ. ಮುಗಿಸಿದವಳು ಬಚ್ಚಲಲ್ಲಿ ಬಾಗಿಲು ತೆರೆದಿಟ್ಟುಕೊಂಡು ಕೂರುತ್ತಿದ್ದೆ. ನನ್ನನ್ನು ನೋಡಲು ಬಂದ ನೆಂಟರ ಚಹಾದ ಕಪ್ಪು-ಬಸಿಯ ಸದ್ದು ಪಡಸಾಲೆಯಿಂದ ಕೇಳುತ್ತಿತ್ತು. ಅವರಿಗೆ ನನ್ನ ಸದ್ದೂ ಕೇಳಿರಬೇಕು.

ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಶಾಹೀನ್ ಮೊದಲ ದಿನವೇ ಕೇಳಿದರು, "ನಿಮ್ಮ ಗೋಲ್ ಏನ್ರಿ?"

"ಆರಾಮ ಆಗಬೇಕ್ರಿ."

"ಅದನ್ನ ಎಲ್ಲಾರೂ ಹೇಳ್ತಾರ. ಏನು ಮಾಡಬೇಕು, ಎಲ್ಲಿ, ಯಾರ ಕೈ ಹಿಡದು? ಅದನ್ನ ಹೇಳ್ರಿ."

ಅಪ್ಪ, ಕಾಕಾ ಎದುರಿಗೇ ಕೂತಿದ್ದರು. ಮನಸ್ಸಿನಲ್ಲಿದ್ದದ್ದನ್ನು ಅವರೆದುರು ಹೇಳಲು ನಾಚಿಕೆಯಾಯಿತು. ಅವ್ವನೇ ಹೇಳಿದಳು: "ಶ್ರಾವಣದ ಕಡೀ ಸೋಮವಾರ ಬಸವಣ್ಣನ ಗುಡಿಗೆ ದೀಡ ನಮಸ್ಕಾರ ಹಾಕಬೇಕ್ರಿ. ಇಕಿ ಹೆಸರೀಲೆ ಬೇಡ್ಕೊಂಡೇನಿ."

ಮಲಗಿ, ಎದ್ದು, ಮತ್ತೆ ಮಲಗಿ ಗುಡಿಯವರೆಗೆ ಹೋಗುವ ಹರಕೆ. ಏಳಲಾರದ ಮೈಗೆ.

"ವೈನಿ, ಅರ್ಧಾ ಹರಕಿ ಮುಗದೇ ಹೋಗೇತಿ ಬಿಡ್ರಿ," ಎಂದರು ಕಾಕಾ. "ಮಲಗೋದು ಬರ್ತೈತಿ. ಏಳೋದೊಂದ ಉಳದೈತಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಶ್ರಾವಣ ಹತ್ತಿರವಾದಂತೆ ಅವ್ವನ ಮುಖ ನೋಡಲಾಗದೆ, ಶಾಹೀನ್ ಹೇಳಿದ್ದಕ್ಕಿಂತ ಹೆಚ್ಚು ಮಾಡತೊಡಗಿದೆ. ಕೋಣೆಯಲ್ಲಿ ಯಾರೂ ಇಲ್ಲದಾಗ ನೆಲಕ್ಕಿಳಿದು ಮಂಡಿಯೂರಲು ನೋಡಿದೆ.

ಬಿದ್ದೆ.

ಮರುದಿನ, ಹಿಂದಿನ ವಾರ ಎತ್ತುತ್ತಿದ್ದ ಲೋಟವೂ ಏಳಲಿಲ್ಲ. ರೋಗ ಮರಳಿತೇ? ಡಾಕ್ಟರು ಪರೀಕ್ಷಿಸಿ, ರಿಲ್ಯಾಪ್ಸ್ ಅಲ್ಲ, ಅತಿಯಾದ ದಣಿವು ಎನ್ನುವವರೆಗೆ ಅವ್ವ ನೀರೂ ಕುಡಿಯಲಿಲ್ಲ.

ಶಾಹೀನ್ ಅವ್ವನೆದುರೇ ಮತ್ತೆ ಕೇಳಿದರು. "ಆ ಹರಕಿ ಅವ್ವಾರ ಗೋಲ್ ಆತು. ನಿಮ್ದು?"

"ಬಚ್ಚಲದ ಚಿಲಕಾ ನಾನ ಒಳಗಿಂದ ಹಾಕ್ಕೋಬೇಕ್ರಿ."

ಅವ್ವ ನನ್ನತ್ತ ತಿರುಗಿದಳು. "ನನ್ನ ಕೈ ಅಷ್ಟ ಬ್ಯಾಸರಾತೇನ ನಿನಗ?"

"ಇಲ್ಲಬೇ. ನನ್ನ ಕೈ ನನಗ ಬೇಕಾಗೈತಿ."

ಮರುದಿನ ಅವ್ವ ಅಪ್ಪನಿಂದ ಆ ಚಿಲಕಕ್ಕೆ ಎಣ್ಣೆ ಬಿಡಿಸಿದಳು. ನಾನು ಹರಕೆಯ ಮಾತು ತೆಗೆದಾಗ, "ಬೇಡ್ಕೊಂಡಾಕಿ ನಾನು, ನಮಸ್ಕಾರ ಹಾಕಾಕಿನೂ ನಾನ," ಎಂದಳು.

ಅಲ್ಲಿಂದ ಅಭ್ಯಾಸವೆಲ್ಲ ಆ ಬಾಗಿಲಿಗಾಗಿಯೇ ನಡೆಯಿತು: ಗೋಡೆ ಹಿಡಿದು ನಿಲ್ಲುವುದು, ತೋಳನ್ನು ಚಿಲಕದ ಎತ್ತರಕ್ಕೆ ಏರಿಸುವುದು. ಒಂದು ಬೆಳಿಗ್ಗೆ ಒಬ್ಬಳೇ ಒಳಗೆ ಹೋದೆ. ಅಂಗೈಯಿಂದ ತಳ್ಳಿದೆ. ಚಿಲಕ ಬಿತ್ತು. ಸ್ಟೂಲಿನ ಮೇಲೆ ಕೂತು ಅತ್ತೆ. ಯಾರೂ ನೋಡುತ್ತಿಲ್ಲ ಎಂಬುದೇ ದೊಡ್ಡ ಸುಖವಾಗಿತ್ತು.

ತೆಗೆಯಲು ಹೋದಾಗ ಬೆರಳು ಮಡಚಲಿಲ್ಲ.

ತಳ್ಳಲು ಅಂಗೈ ಸಾಕಿತ್ತು. ಎಳೆಯಲು ಬೆರಳು ಬೇಕು. ಹಾಕುವುದನ್ನು ಅಷ್ಟು ಖಚಿತವಾಗಿ ಕೇಳಿದವಳು ತೆಗೆಯುವುದನ್ನು ಯೋಚಿಸಿಯೇ ಇರಲಿಲ್ಲ.

"ಅವ್ವಾ, ತಗೀಲಿಕ್ಕೆ ಬರವಲ್ದು!"

ಹೊರಗೆ ಅಪ್ಪನ ದನಿ: "ಬಾಗಲಾ ಒಡೀಲೇನು?"

"ನೀವು ಸುಮ್ನ ಕುಂದರ್ರಿ," ಎಂದಳು ಅವ್ವ. ಆಮೇಲೆ ಅವಳ ದನಿ ಬಾಗಿಲಿಗೆ ಅಂಟಿದಂತೆ ಹತ್ತಿರ ಬಂತು. "ಅವಸರ ಇಲ್ಲವ್ವ. ಕುಂತು ದಣಿವಾರಿಸ್ಕೋ. ನಾ ಇಲ್ಲೇ ಅದೇನಿ."

ಕೂತೆ. ಮತ್ತೆ ಎದ್ದೆ. ಚಿಲಕದ ಹಿಡಿಗೆ ಮಣಿಕಟ್ಟು ಸಿಕ್ಕಿಸಿ, ಮೈಭಾರವನ್ನೆಲ್ಲ ಪಕ್ಕಕ್ಕೆ ವಾಲಿಸಿದೆ. ಸರಿಯಿತು.

ಅವ್ವ ಎರಡೂ ತೋಳು ಚಾಚಿ ನಿಂತಿದ್ದಳು. ಮುಟ್ಟಲಿಲ್ಲ. ನನ್ನ ಕೆಂಪು ಕಣ್ಣು ನೋಡಿದಳು. ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

ಕಾಲ್ಬೆರಳು ಇನ್ನೂ ಜೋಮು ಹಿಡಿದಿವೆ. ಪೂರ್ತಿ ಸರಿಹೋಗುತ್ತವೆಂದು ಡಾಕ್ಟರು ಮಾತು ಕೊಟ್ಟಿಲ್ಲ, ನಾನೂ ಕೇಳಿಲ್ಲ. ಬೆಳಿಗ್ಗೆ ನಾನು ಬಚ್ಚಲಿಗೆ ಹೋದಾಗ ಅವ್ವ ಈಗ ಪಡಸಾಲೆಯಲ್ಲೇ ಕೂತಿರುತ್ತಾಳೆ. ಕಿವಿಯನ್ನು ಮಾತ್ರ ಇತ್ತ ಇಟ್ಟಿರುತ್ತಾಳೆ.

ಅಷ್ಟು ಇರಲಿ.