ಮುನಿಯಮ್ಮನ ಹೆಪ್ಪು

ಯಶವಂತಪುರದಲ್ಲಿ ರೈಲಿಳಿದದ್ದು ಮಂಗಳವಾರವೋ ಬುಧವಾರವೋ, ಈಗ ಖಾತ್ರಿಯಿಲ್ಲ. ಇಲ್ಲಿನ ಕೆಲವು ವಿವರಗಳು ತಪ್ಪಿರಬಹುದು. ಕೈಯಲ್ಲಿದ್ದ ಸ್ಟೀಲ್ ಡಬ್ಬಿ ಮಾತ್ರ ಚೆನ್ನಾಗಿ ನೆನಪಿದೆ. ಅದರಲ್ಲಿ ಬೈಲಹೊಂಗಲದ ನಮ್ಮ ಡೈರಿಯ ಹೆಪ್ಪಿತ್ತು. ಅಜ್ಜಿಯಿಂದ ಸೋದರತ್ತೆಗೆ, ಅವರಿಂದ ನನಗೆ ಬಂದದ್ದು. ಒಂದು ದಿನವೂ ಕೆಟ್ಟಿಲ್ಲವೆಂಬುದು ಮನೆಯ ಹೆಮ್ಮೆ. "ಹೆಪ್ಪ ಕಾಯ್ಕೊಂಡ್ರ ಮನಿ ಕಾಯ್ಕೊಂಡಂಗ," ಎಂದಿದ್ದರು ಅತ್ತೆ.

ವಿಮಾನ ನಿಲ್ದಾಣ ಆಗಷ್ಟೇ ಶುರುವಾಗಿತ್ತು. ತುಪ್ಪವನ್ನು ಹೊರದೇಶಕ್ಕೆ ಕಳಿಸುವ ಹಟದಿಂದ ಹುಣಸಮಾರನಹಳ್ಳಿಯಲ್ಲಿ ಶೆಡ್ಡು, ಪಕ್ಕದಲ್ಲೇ ಒಂದು ಕೋಣೆ ಹಿಡಿದೆ. ತಲೆಯ ಮೇಲೆ ವಿಮಾನ ಹೋದರೆ ಅಲ್ಲಿನ ಎಮ್ಮೆಗಳು ಕತ್ತೆತ್ತುತ್ತಿರಲಿಲ್ಲ, ನಾನು ಎತ್ತುತ್ತಿದ್ದೆ. ಕೋಣೆಯ ಒಡತಿ ಮುನಿಯಮ್ಮನಿಗೆ ನನ್ನ ಮಾತೇ ವಿಚಿತ್ರ. "ಏನವ್ವಾ, ನೀನ್ ಸಮಾಚಾರ ಕೇಳುದ್ರೂ ಜಗಳ ಆಡ್ದಂಗೈತಲ್ಲ!"

ಊರಿನಲ್ಲಿ ಮಾಡುವಂತೆಯೇ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿ ಕಟ್ಟೆಯ ಮೇಲಿಟ್ಟೆ. ಬೈಲಹೊಂಗಲದ ಸೆಕೆ ಇಲ್ಲಿಲ್ಲ ಎಂಬುದು ಹೊಳೆಯಲೇ ಇಲ್ಲ. ಮೊಸರು ದಿನದಿನಕ್ಕೂ ನೀರಾಯಿತು. ನಾಲ್ಕನೆಯ ದಿನ ನಾರುನಾರಾಗಿ ನಾತ ಹೊಡೆಯಿತು. ಅಳುತ್ತಾ ಡಬ್ಬಿ ತೊಳೆದೆ.

ಮುನಿಯಮ್ಮ ಬಟ್ಟಲು ಹಿಡಿದು ಬಂದರು. "ಈ ಚಳೀಲಿ ಇಂಗಿಟ್ರೆ ಎಪ್ಪು ಇಡೀತದಾ? ತಗೋ, ನಮ್ದು ಒಸಿ ಆಕು. ಗೋಣಿಚೀಲ ಸುತ್ತಿಡು."

ಒಸಿ ಎಂದರೆ ಸ್ವಲ್ಪ. ಶುಕ್ರವಾರ ಹೆಪ್ಪನ್ನು ಹೊರಗೆ ಕೊಡಬಾರದೆಂಬುದು ನಮ್ಮ ಮನೆಯ ಕಟ್ಟಳೆ. ಅವರು ಕೊಟ್ಟದ್ದು ಶುಕ್ರವಾರವೇ ಎಂದು ನನ್ನ ನೆನಪು. ಕಥೆ ಚೆಂದವಾಗಲೆಂದು ನಾನೇ ಸೇರಿಸಿಕೊಂಡೆನೋ ಏನೋ.

ಆ ಹೆಪ್ಪಿನ ಮೊಸರು, ಆ ಮೊಸರಿನ ಬೆಣ್ಣೆ, ಆ ಬೆಣ್ಣೆಯ ತುಪ್ಪ ಈಗ ದುಬೈ, ಸಿಂಗಪುರದ ಅಂಗಡಿಗಳಲ್ಲಿದೆ. ಬಾಟಲಿಯ ಮೇಲೆ 'ಅಜ್ಜಿಯ ಹೆಪ್ಪು, ಮೂರು ತಲೆಮಾರು' ಎಂದಿದೆ. ಬರೆದವಳು ನಾನೇ.

ಶೆಡ್ಡು ಫ್ಯಾಕ್ಟರಿಯಾದ ಮೇಲೆ ಮೊದಲ ಸಲ ಅತ್ತೆ ನೋಡಲು ಬಂದರು. ಮೊಸರಿಗೆ ಬೆರಳದ್ದಿ ಚಪ್ಪರಿಸಿದರು. "ನಮ್ಮ ಮನೀದ ರುಚಿ! ಹೆಂಗ ಉಳಿಸ್ಕೊಂಡ್ಯವಾ?"

ಹತ್ತು ವರ್ಷ ಮುಚ್ಚಿಟ್ಟಿದ್ದನ್ನು ಹೇಳಿಬಿಟ್ಟೆ. ಅವರು ಮತ್ತೆ ಬೆರಳದ್ದಲಿಲ್ಲ. ಸೆರಗಿನಿಂದ ಕೈ ಒರೆಸುತ್ತಾ ಕುಳಿತರು.

ಲಂಡನ್ನಿಗೆ ಹೋಗುವ ಬಾಟಲಿಯ ಲೇಬಲ್ ಅಚ್ಚಿಗೆ ಹೋಗಬೇಕು. 'ಅಜ್ಜಿಯ ಹೆಪ್ಪು' ಎಂಬ ಸಾಲನ್ನು ಬಿಟ್ಟು ಉಳಿದದ್ದೆಲ್ಲ ಸಿದ್ಧವಿದೆ. ಅತ್ತೆ ಊರು ಮುಟ್ಟಿದ್ದಾರೆ. ಫೋನಿನಲ್ಲಿ ಮಳೆ, ಎಮ್ಮೆ, ಎಲ್ಲ ಮಾತಾಡುತ್ತಾರೆ. ಅಂದು ಫ್ಯಾಕ್ಟರಿಯಲ್ಲಿ ನಾನು ಕೇಳಿದ್ದನ್ನು ಮತ್ತೆ ಎತ್ತಿದರೆ ಮಾತ್ರ ಹಾಲು ಕರೆಯುವ ಹೊತ್ತಾಯಿತೆಂದು ಫೋನಿಡುತ್ತಾರೆ: "ಅತ್ತಿ, ಇಷ್ಟು ವರ್ಷದಾಗ ನೀವು ಬಾಜೂ ಮನಿಂದ ಒಮ್ಮೆನೂ ಹೆಪ್ಪ ತಂದಿಲ್ಲೇನು?"